ತನ್ನದೇ ಅರ್ಜಿಗೆ ಮ್ಯಾನೇಜರ್ ಏನು ಬರೆದಾರು?

ಹಾವೇರಿ ಜಿಲ್ಲೆಯ ಒಂದು ಬ್ಯಾಂಕ್ ಶಾಖೆ ಎಂದುಕೊಳ್ಳಿ. ಸಂಜೆ ಆರೂವರೆ. ಕ್ಯಾಶ್ ತಾಳೆಯಾಗಿದೆ, ಷಟರ್ ಅರ್ಧ ಇಳಿದಿದೆ. ಸಾಲದ ವಿಭಾಗ ನೋಡಿಕೊಳ್ಳುವ ಮ್ಯಾನೇಜರ್ ಮೇಡಂಗೆ 38 ವರ್ಷ ವಯಸ್ಸು, ಹದಿಮೂರು ವರ್ಷದ ಸರ್ವಿಸ್. ಬಿ.ಕಾಂ. ಮುಗಿಸಿ ಕ್ಲರ್ಕ್ ಆಗಿ ಸೇರಿ, ಬಡ್ತಿ ಪರೀಕ್ಷೆ ಬರೆದು ಅಧಿಕಾರಿಯಾದವರು. ಮೇಜಿನ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಸಾಲದ ಕಡತ ತೆರೆದಿದೆ. ಅಷ್ಟರಲ್ಲಿ ಮೊಬೈಲಿಗೆ ಕರೆ ಬರುತ್ತದೆ. "ಮೇಡಂ, ನಿಮ್ಮ ಪ್ರೊಫೈಲ್‌ಗೆ ನಮ್ಮ ಆನ್‌ಲೈನ್ ಎಂಬಿಎ ಹೇಳಿ ಮಾಡಿಸಿದ ಹಾಗಿದೆ. ಇವತ್ತೇ ಸೀಟ್ ಬ್ಲಾಕ್ ಮಾಡಿದರೆ ಹದಿನೆಂಟು ಸಾವಿರ ಸ್ಕಾಲರ್‌ಶಿಪ್."

ಆ ವ್ಯಾಪಾರಿಯನ್ನು ಇವರು ಏನೆಲ್ಲ ಕೇಳಿದ್ದಾರೆ! ಸರಕು ಎಲ್ಲಿದೆ, ಯಾರಿಗೆ ಮಾರುತ್ತೀರಿ, ಬೆಲೆ ಬಿದ್ದರೆ ಏನು ಗತಿ, ನಿಮ್ಮ ಕೈಯಿಂದ ಎಷ್ಟು ಹಾಕುತ್ತೀರಿ, ಜಾಮೀನಿಗೆ ಯಾರಿದ್ದಾರೆ. ತಮ್ಮ ಸರದಿ ಬಂದಾಗ ಮಾತ್ರ ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ತಿಂಗಳಿಗೆ ಕಂತು ಎಷ್ಟು ಬೀಳತ್ತೆ?"

ಈ ಮೇಡಂ ನನ್ನ ಕಲ್ಪನೆಯವರು. ಆದರೆ ಇಂಥ ಕರೆ ಬಾರದ ಬ್ಯಾಂಕ್ ನೌಕರರು, ಲೆಕ್ಕಪರಿಶೋಧಕರ ಕಚೇರಿಯ ಹಿರಿಯ ಸಹಾಯಕರು, ವಿಮಾ ಕಂಪನಿಯ ಅಧಿಕಾರಿಗಳು ಈಗ ಕಡಿಮೆ. ನೌಕರಿಯ ನಡುದಾರಿಯಲ್ಲಿ ಮತ್ತೆ ಓದಬೇಕೆನ್ನುವ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಗಲೆಲ್ಲ ಬೇರೆಯವರ ಅರ್ಜಿ ಅಳೆಯುವವರು ತಮ್ಮ ಅರ್ಜಿಯನ್ನೂ ಅದೇ ಮೊಳಗೋಲಿನಿಂದ ಅಳೆದರೆ ಏನು ಕಾಣುತ್ತದೆ ಎಂಬುದಷ್ಟೇ ನನ್ನ ಕುತೂಹಲ.

ಮೊದಲು, ಈ ಆಸೆ ಎಲ್ಲಿಂದ ಬಂತು? ಕರಾವಳಿಯಲ್ಲಿ ಹುಟ್ಟಿ ರಾಷ್ಟ್ರೀಕರಣಗೊಂಡ ನಾಲ್ಕು ಬ್ಯಾಂಕುಗಳನ್ನು ನೆನೆಯಿರಿ: ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐ ಆಗಿತ್ತು. ಯಾರ ಕೆಲಸವೂ ಹೋಗಲಿಲ್ಲ, ನಿಜ. ಆದರೆ ಶಾಖೆಗಳು ಒಂದಾದವು, ಜ್ಯೇಷ್ಠತೆಯ ಪಟ್ಟಿಗಳು ಬೆರೆತವು, ಬೋರ್ಡು ಬದಲಾಯಿತು. "ಇಲ್ಲೇ ಸೇರಿದೆ, ಇಲ್ಲೇ ನಿವೃತ್ತಿ" ಎಂಬ ಭರವಸೆಯಲ್ಲಿ ಎಲ್ಲೋ ಒಂದು ಬಿರುಕು ಬಿತ್ತು. ಕೈಯಲ್ಲಿ ಇನ್ನೊಂದು ಕಾಗದ ಇರಲಿ ಎಂದು ಅನಿಸುವುದು ಸಹಜ.

ಆನ್‌ಲೈನೇ ಏಕೆ ಎಂಬುದಕ್ಕೂ ಸರಳ ಉತ್ತರವಿದೆ. ಬ್ಯಾಂಕ್ ಅಧಿಕಾರಿಗೆ ಎರಡು-ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಇವತ್ತು ಹಾವೇರಿ, ನಾಳೆ ಬಾಗಲಕೋಟೆ, ನಾಡಿದ್ದು ನಾಗ್ಪುರ. ಸಂಜೆ ಕಾಲೇಜಿಗೆ ಹೆಸರು ಹಚ್ಚಿದರೆ ಎರಡನೇ ಸೆಮಿಸ್ಟರ್‌ಗೆ ಊರೇ ಬೇರೆಯಾಗಿರುತ್ತದೆ. ಹಿಂದಿನವರು ಇದಕ್ಕೆ ಅಂಚೆಯ ದಾರಿ ಹಿಡಿದಿದ್ದರು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಖಾಕಿ ಕವರಿನಲ್ಲಿ ಬರುತ್ತಿದ್ದ ಪಾಠದ ಕಟ್ಟುಗಳ ಜಾಗದಲ್ಲಿ ಈಗ ಲ್ಯಾಪ್‌ಟಾಪ್ ಇದೆ. ಕೊನೆಯ ತಿಂಗಳಲ್ಲಿ ಕಟ್ಟು ಬಿಚ್ಚುವ ಅಭ್ಯಾಸ ಬದಲಾದಂತೆ ಕಾಣುವುದಿಲ್ಲ.

ಸರಿ, ಕಡತ ತೆರೆಯೋಣ. ಯಾವ ಸಾಲಕ್ಕೂ ಮೊದಲು ನೋಡುವುದು ಕಾಗದಪತ್ರ. ಆಸ್ತಿಯ ಹಕ್ಕುಪತ್ರ ಸರಿ ಇಲ್ಲದಿದ್ದರೆ ಮುಂದಿನ ಲೆಕ್ಕ ದಂಡ. ಪದವಿಯ ಹಕ್ಕುಪತ್ರ ಎಂದರೆ ಯುಜಿಸಿ ಮಾನ್ಯತೆ. ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣಕ್ಕೆ ಈಗ ಆಧಾರವಾಗಿರುವ ನಿಯಮಾವಳಿ 2020ರ ಸೆಪ್ಟೆಂಬರ್‌ನದು. ಮಾನ್ಯತೆ ಪಡೆದ ಸಂಸ್ಥೆಯಿಂದ ಆನ್‌ಲೈನ್‌ನಲ್ಲಿ ಪಡೆದ ಪದವಿ ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಕಾನೂನಿನ ದೃಷ್ಟಿಯಿಂದ ವಾದ ಅಲ್ಲಿಗೆ ಮುಗಿಯಿತು.

ಆದರೆ ಮಾನ್ಯತೆ ಎಂಬುದು ವಿಶ್ವವಿದ್ಯಾಲಯದ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡ ಬಿರುದಲ್ಲ. ಯಾವ ಕೋರ್ಸು, ಯಾವ ವಿಧಾನ, ಯಾವ ಪ್ರವೇಶಾವಧಿ ಎಂದು ಬಿಡಿಬಿಡಿಯಾಗಿ ಸಿಗುವಂಥದ್ದು. ಇದರ ಬಿಸಿ ಕನ್ನಡಿಗರಿಗೆ ಚೆನ್ನಾಗಿಯೇ ತಟ್ಟಿದೆ. ನಮ್ಮ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಗಡಿಯಾಚೆ ಸಹಭಾಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದೂ ಸೇರಿದಂತೆ ನಿಯಮ ಮೀರಿದ ಆಕ್ಷೇಪಕ್ಕೆ ಗುರಿಯಾಯಿತು; 2012-13ರ ನಂತರದ ಅವಧಿಗೆ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ, ಅದೂ ಮುಂದಿನ ಪ್ರವೇಶಗಳಿಗೆ. ನಡುವೆ ಶುಲ್ಕ ಕಟ್ಟಿ, ಪರೀಕ್ಷೆ ಬರೆದು, ಅಂಕಪಟ್ಟಿ ಹಿಡಿದು ಅಲೆದವರ ಪಾಡು ಬೇಡ. ಅವರಲ್ಲಿ ಬಡ್ತಿಗಾಗಿ ಓದಿದ ಸರ್ಕಾರಿ ನೌಕರರೂ ಇದ್ದರು. ಹಾಗಾಗಿ ಯುಜಿಸಿಯ ದೂರಶಿಕ್ಷಣ ವಿಭಾಗ, ಅಂದರೆ ಡಿಇಬಿ, ತನ್ನ ಜಾಲತಾಣದಲ್ಲಿ ಹಾಕುವ ಪಟ್ಟಿಯಲ್ಲಿ ನೀವು ಸೇರುವ ಕೋರ್ಸು, ನೀವು ಸೇರುವ ಅವಧಿಗೆ, ಆನ್‌ಲೈನ್ ವಿಧಾನದಡಿ ಇದೆಯೇ ಎಂದು ಕಣ್ಣಾರೆ ನೋಡುವವರೆಗೆ ಒಂದು ರೂಪಾಯಿಯನ್ನೂ ಕಳಿಸಬಾರದು. 2024ರಿಂದ ಪ್ರವೇಶಕ್ಕೆ ವಿದ್ಯಾರ್ಥಿಯೇ ಡಿಇಬಿ ಗುರುತಿನ ಸಂಖ್ಯೆ ಪಡೆಯಬೇಕೆಂಬ ನಿಯಮ ಬಂದಿದೆ. ಅದು ಕೇಳದೇ "ಸೀಟ್ ಖಾತ್ರಿ" ಎನ್ನುವವರನ್ನು ಅಲ್ಲೇ ಬಿಡಬಹುದು.

ಇನ್ನೊಂದು ಸೂಕ್ಷ್ಮ. ಕರೆ ಮಾಡಿದ ಹುಡುಗ ಸಾಮಾನ್ಯವಾಗಿ ವಿಶ್ವವಿದ್ಯಾಲಯದವನಲ್ಲ, ಆ್ಯಪ್ ಕಂಪನಿಯವನು. ಪಾಠದ ವೇದಿಕೆ ಒದಗಿಸಲು ಇಂಥ ಕಂಪನಿಗಳ ನೆರವು ಪಡೆಯುವುದು ಬೇರೆ, ಪದವಿಯನ್ನೇ ಫ್ರಾಂಚೈಸಿಗೆ ಕೊಡುವುದು ಬೇರೆ. ಎರಡನೆಯದಕ್ಕೆ ಅವಕಾಶವಿಲ್ಲವೆಂದು ಯುಜಿಸಿ 2022ರ ಜನವರಿಯಲ್ಲೇ ಎಚ್ಚರಿಸಿತ್ತು. ಪದಗಳ ಆಟವೂ ಇದೆ. "ಎಕ್ಸಿಕ್ಯುಟಿವ್ ಪ್ರೋಗ್ರಾಂ", "ಪೋಸ್ಟ್ ಗ್ರಾಜುಯೇಟ್ ಸರ್ಟಿಫಿಕೇಟ್" ಮುಂತಾದವು ಒಳ್ಳೆಯ ಕೋರ್ಸೇ ಆಗಿರಬಹುದು, ಪದವಿಯಲ್ಲ. 2024ರಲ್ಲಂತೂ "ಹತ್ತು ದಿನದಲ್ಲಿ ಎಂಬಿಎ" ಎಂಬ ಜಾಹೀರಾತಿನ ಬಗ್ಗೆ ಯುಜಿಸಿಯೇ ಸಾರ್ವಜನಿಕ ಎಚ್ಚರಿಕೆ ಕೊಡಬೇಕಾಯಿತು. ಹತ್ತು ದಿನದಲ್ಲಿ ಉಪ್ಪಿನಕಾಯಿಯೂ ಸರಿಯಾಗಿ ಮಾಗುವುದಿಲ್ಲ.

ಕಾಗದಪತ್ರ ಸರಿಯಾಯಿತು. ಎರಡನೇ ಪ್ರಶ್ನೆ: ಸಾಲ ಯಾತಕ್ಕೆ? ಇಲ್ಲಿ ಹೆಚ್ಚಿನವರು ಎಡವುತ್ತಾರೆ. "ಕೆರಿಯರ್ ಬೆಳವಣಿಗೆಗೆ" ಎಂಬುದು ಉತ್ತರವಲ್ಲ; ಸಾಲದ ಅರ್ಜಿಯಲ್ಲಿ "ವ್ಯವಹಾರಕ್ಕಾಗಿ" ಎಂದಷ್ಟೇ ಬರೆದರೆ ಮೇಡಂ ಒಪ್ಪುತ್ತಾರೆಯೇ? ಯಾವ ಬಾಗಿಲು ತೆರೆಯಬೇಕು, ಅದರ ಬೀಗಕ್ಕೆ ಎಂಬಿಎಯೇ ಕೀಲಿಯೇ ಎಂದು ನೋಡಬೇಕು. ಬ್ಯಾಂಕಿನೊಳಗಿನ ಹಲವು ಬಾಗಿಲುಗಳಿಗೆ ಅಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಆ್ಯಂಡ್ ಫೈನಾನ್ಸ್ 1928ರಷ್ಟು ಹಳೆಯ ಸಂಸ್ಥೆ. ಅದು ನಡೆಸುವ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳಿಗೆ ಸಂಬಳದಲ್ಲಿ ಇನ್‌ಕ್ರಿಮೆಂಟ್ ಸಿಗುತ್ತದೆ, ಶುಲ್ಕ ಕೆಲವೇ ಸಾವಿರ. ಅದನ್ನೇ ಮುಗಿಸದೆ ಎಂಬಿಎಗೆ ಲಕ್ಷಗಟ್ಟಲೆ ಸುರಿಯುವವರನ್ನು ಕಂಡಾಗ, ಬಾವಿಯಲ್ಲಿ ನೀರಿರುವಾಗ ಟ್ಯಾಂಕರ್ ತರಿಸಿದಂತೆ ಎನಿಸುತ್ತದೆ. ಎಂಬಿಎ ಇದ್ದವರಿಗೆ ನಿಮ್ಮ ಬ್ಯಾಂಕಿನ ಬಡ್ತಿ ನೀತಿ ಏನು ಕೊಡುತ್ತದೆ ಎಂಬುದು ಸುತ್ತೋಲೆಯಲ್ಲಿರುತ್ತದೆ. ಆ ಕೆಲವು ಪುಟಗಳನ್ನು ಓದುವುದು ಕೌನ್ಸೆಲರ್ ಜೊತೆ ಅರ್ಧ ಗಂಟೆ ಮಾತಾಡುವುದಕ್ಕಿಂತ ಉಪಯುಕ್ತ.

ಹೊರಗಿನ ಬಾಗಿಲುಗಳ ಕಥೆ ಬೇರೆ. ಖಾಸಗಿ ಬ್ಯಾಂಕು, ಹಣಕಾಸು ಕಂಪನಿ, ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳ ಹಣಕಾಸು ಕೇಂದ್ರಗಳಲ್ಲಿ ಕೆಲವು ಹುದ್ದೆಗಳಿಗೆ ಸ್ನಾತಕೋತ್ತರ ಪದವಿ ಒಂದು ಜರಡಿ. ಅದಿಲ್ಲದಿದ್ದರೆ ನಿಮ್ಮ ಬಯೋಡೇಟಾ ಮನುಷ್ಯರ ಕಣ್ಣಿಗೇ ಬೀಳದಿರಬಹುದು. ಅಲ್ಲಿ ಆನ್‌ಲೈನ್ ಎಂಬಿಎ ಜರಡಿ ದಾಟಿಸುತ್ತದೆ. ಆಮೇಲೆ ಸಂದರ್ಶನದಲ್ಲಿ ಮಾತಾಡುವುದು ನಿಮ್ಮ ಹದಿಮೂರು ವರ್ಷದ ಅನುಭವ. ಕಾನೂನು ಸಮಾನ ಎಂದ ಮಾತ್ರಕ್ಕೆ ಮಾರುಕಟ್ಟೆ ಸಮಾನವಾಗಿ ನೋಡುವುದಿಲ್ಲ ಎಂಬುದನ್ನೂ ಮರೆಯಬಾರದು. ದೊಡ್ಡ ಹೆಸರಿನ ಪೂರ್ಣಾವಧಿ ಎಂಬಿಎಯ ಸಂಬಳಕ್ಕೆ ಕಾರಣ ಪಾಠವೊಂದೇ ಅಲ್ಲ. ಕಠಿಣ ಪ್ರವೇಶ ಪರೀಕ್ಷೆ, ಕ್ಯಾಂಪಸ್ ನೇಮಕಾತಿ, ಸಹಪಾಠಿಗಳ ಬಳಗ ಎಲ್ಲವೂ ಸೇರಿದೆ. ಕರೆ ಮಾಡಿದವರು ಆ ಸಂಬಳದ ಅಂಕಿ ತೋರಿಸಿ ಈ ಕೋರ್ಸು ಮಾರುತ್ತಿದ್ದರೆ, ಪಕ್ಕದ ಹೊಲದ ಬೆಳೆ ತೋರಿಸಿ ಸಾಲ ಕೇಳಿದ ಹಾಗೆ.

ಈಗ ಕಂತು. ಇದನ್ನು ಹಣಕಾಸಿನವರಿಗೇ ವಿವರಿಸಬೇಕಾಗಿ ಬರುವುದು ತಮಾಷೆ, ಆದರೆ ಬರುತ್ತದೆ. ಶುಲ್ಕ 1,80,000 ರೂಪಾಯಿ ಎಂದಿಟ್ಟುಕೊಳ್ಳಿ. "ಕೇವಲ ಶೇ 9 ಫ್ಲಾಟ್ ಬಡ್ಡಿ, 24 ಕಂತು" ಎನ್ನುತ್ತಾರೆ. ಎರಡು ವರ್ಷಕ್ಕೆ ಬಡ್ಡಿ 32,400; ಒಟ್ಟು 2,12,400; ತಿಂಗಳಿಗೆ 8,850. ಆದರೆ ಪ್ರತಿ ತಿಂಗಳೂ ನೀವು ಅಸಲು ತೀರಿಸುತ್ತಾ ಬರುತ್ತೀರಿ, ಬಡ್ಡಿ ಮಾತ್ರ ಮೊದಲ ದಿನದ ಇಡೀ ಅಸಲಿನ ಮೇಲೇ ನಿಂತಿರುತ್ತದೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ಸುಮಾರು ಶೇ 16.5. "ನೋ ಕಾಸ್ಟ್ ಇಎಂಐ" ಇನ್ನೂ ಸೊಗಸು. ತಿಂಗಳಿಗೆ 7,500ರಂತೆ 24 ಕಂತು, ಬಡ್ಡಿ ಸೊನ್ನೆ. ಆದರೆ ಒಂದೇ ಸಲ ಕಟ್ಟಿದರೆ ಶೇ 10 ರಿಯಾಯಿತಿ, ಅಂದರೆ 1,62,000 ಸಾಕು. ಹಾಗಿದ್ದರೆ ಕಂತಿನವರು ಆ 1,62,000ದ ಮೇಲೆ ಸದ್ದಿಲ್ಲದೆ ವರ್ಷಕ್ಕೆ ಶೇ 10ರ ಮೇಲೆ ಕೊಡುತ್ತಿದ್ದಾರೆ. ಶೂನ್ಯ ಬಡ್ಡಿ ಎಂಬ ಸಂಗತಿಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಅಧಿಕಾರಿಯಾಗಿ ಆ ಸುತ್ತೋಲೆಗೆ ಸಹಿ ಹಾಕಿ ಫೈಲ್ ಮಾಡಿದವರೇ ಗ್ರಾಹಕರಾದಾಗ ಮರೆಯುತ್ತಾರೆ. ಶುಲ್ಕ ಎಂದುಕೊಂಡು ಒತ್ತಿದ ಬಟನ್ ಸಾಲದ ಒಪ್ಪಂದವಾಗಿರಬಹುದು. ನಡುವೆ ಓದು ಬಿಟ್ಟರೂ ಕಂತು ಬಿಡುವುದಿಲ್ಲ, ತಪ್ಪಿದರೆ ಸಿಬಿಲ್ ಸ್ಕೋರಿಗೆ ಏಟು. ಬ್ಯಾಂಕ್ ನೌಕರರಿಗೆ ಅದರ ಮುಜುಗರ ಇಮ್ಮಡಿ.

ಹಣದ ಲೆಕ್ಕ ಇಷ್ಟೇ. ನನ್ನ ಪ್ರಕಾರ ಈ ಅರ್ಜಿಯಲ್ಲಿ ವಸೂಲಾಗದ ಬಾಕಿಯಾಗುವುದು ಹಣವಲ್ಲ, ಗಂಟೆಗಳು.

ಇಗ್ನೊ ತನ್ನ ವಿದ್ಯಾರ್ಥಿಗಳಿಗೆ ಹೇಳುವ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು: ಪಾಠ, ಓದು, ಅಸೈನ್‌ಮೆಂಟ್ ಎಲ್ಲ ಸೇರಿ. ಎಂಬಿಎಗೆ 100 ಕ್ರೆಡಿಟ್ ಎಂದು ಹಿಡಿದರೆ 3,000 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು 29 ಗಂಟೆ, ದಿನಕ್ಕೆ ನಾಲ್ಕು. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು ರಾತ್ರಿ ಏಳೂವರೆಗೆ ಮುಟ್ಟುವವರಿಗೆ ಇದು ಸಾಧ್ಯವೇ? ವಾರದ ದಿನಗಳಲ್ಲಿ ಒಂದೊಂದು ಗಂಟೆ, ಭಾನುವಾರವೂ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರಗಳೂ ಸೇರಿ ಮಿಕ್ಕಿದ್ದು ಎಂದರೆ ಹೆಚ್ಚೆಂದರೆ ವಾರಕ್ಕೆ ಹತ್ತು ಗಂಟೆ. ಎರಡು ವರ್ಷಕ್ಕೆ 1,040. ಅಂದರೆ ಬೇಕಾದದ್ದರ ಮೂರನೇ ಒಂದು ಭಾಗ. ಉಳಿದದ್ದನ್ನು ಜನ ಹೇಗೆ ತುಂಬುತ್ತಾರೆ? ರೆಕಾರ್ಡ್ ಆದ ಪಾಠವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ, ಹಳೆಯ ಪ್ರಶ್ನೆಪತ್ರಿಕೆ ತಿರುವುತ್ತಾರೆ, ಅಸೈನ್‌ಮೆಂಟನ್ನು ಎಲ್ಲಿಂದಲೋ ಇಳಿಸುತ್ತಾರೆ. ಹೀಗೆ ಪಾಸಾಗಬಹುದು. ಜರಡಿ ದಾಟುವುದಷ್ಟೇ ಉದ್ದೇಶವಾಗಿದ್ದರೆ ಅದರಲ್ಲೊಂದು ಪ್ರಾಮಾಣಿಕತೆಯೂ ಇದೆ, ತಮಗೆ ತಾವು ಸುಳ್ಳು ಹೇಳಿಕೊಳ್ಳದಿದ್ದರೆ. ಆ 1,040 ಗಂಟೆಗೆ ಗಂಟೆಗೆ 300 ರೂಪಾಯಿ ಎಂದು ಕಡಿಮೆ ಬೆಲೆ ಕಟ್ಟಿದರೂ 3,12,000. ಶುಲ್ಕಕ್ಕಿಂತ ಎಷ್ಟೋ ಹೆಚ್ಚು. ಆದರೂ ಯಾವ ಬ್ರೋಷರ್‌ನಲ್ಲೂ ಈ ಸಾಲು ಇರುವುದಿಲ್ಲ.

ಜೊತೆಗೆ ಮಾರ್ಚ್ ತಿಂಗಳು. ಬ್ಯಾಂಕಿನವರ ಮನೆಯಲ್ಲಿ ಮಾರ್ಚ್ ಎಂದರೆ ಏನೆಂದು ಅವರ ಮಕ್ಕಳನ್ನು ಕೇಳಬೇಕು. ವಸೂಲಿ, ಟಾರ್ಗೆಟ್, ಕ್ಲೋಸಿಂಗ್. ಸೆಪ್ಟೆಂಬರ್ ಕೊನೆಗೆ ಇದರ ಚಿಕ್ಕ ತಮ್ಮ. ಅಸೈನ್‌ಮೆಂಟಿನ ಗಡುವುಗಳು ಈ ಎರಡರ ಮೇಲೆ ಬಂದು ಬೀಳುತ್ತವೆಯೇ ಎಂದು ಕ್ಯಾಲೆಂಡರ್ ತರಿಸಿ ನೋಡುವವರು ಬಹಳ ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ಅರ್ಜಿ ತಿರಸ್ಕರಿಸಬೇಕೆ? ಇಲ್ಲ. ಮೇಜಿನ ಮೇಲಿರುವ ಆ ಮೆಣಸಿನಕಾಯಿ ಕಡತಕ್ಕೆ ವಾಪಸ್ ಬರೋಣ, ಉತ್ತರ ಅದರಲ್ಲಿದೆ.

ಸಣ್ಣ ಉದ್ದಿಮೆಗಳಿಗೆ ದುಡಿಯುವ ಬಂಡವಾಳ ಎಷ್ಟು ಕೊಡಬೇಕೆಂಬುದಕ್ಕೆ ಬ್ಯಾಂಕುಗಳಲ್ಲಿ ಮೂರು ದಶಕದಿಂದ ನಡೆದುಬಂದ ಒಂದು ಸೂತ್ರವಿದೆ. ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿ ಕೊಟ್ಟದ್ದು. ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 25ರಷ್ಟು ದುಡಿಯುವ ಬಂಡವಾಳ ಬೇಕು. ಅದರಲ್ಲಿ ಶೇ 20 ಬ್ಯಾಂಕು ಕೊಡಲಿ, ಶೇ 5 ವ್ಯಾಪಾರಿ ಹಾಕಲಿ. 4 ಕೋಟಿ ವಹಿವಾಟಿಗೆ 80 ಲಕ್ಷ ಸಾಲ. ಈ ಸೂತ್ರ ಮೇಡಂಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಆದರೆ ಶೇ 25 ಏಕೆ? ಹಾಕಿದ ದುಡ್ಡು ಸರಕಾಗಿ, ಮಾರಾಟವಾಗಿ, ಮತ್ತೆ ದುಡ್ಡಾಗಿ ಕೈಸೇರಲು ಮೂರು ತಿಂಗಳು, ವರ್ಷಕ್ಕೆ ನಾಲ್ಕು ಸುತ್ತು ಎಂಬ ಊಹೆ ಅದರ ಹಿಂದಿದೆ. ಬ್ಯಾಡಗಿಯ ಮೆಣಸಿನಕಾಯಿಗೆ ಆ ಊಹೆ ಒಪ್ಪುವುದಿಲ್ಲ. ಮಾರುಕಟ್ಟೆ ಕೆಂಪಾಗುವುದು ವರ್ಷದ ಮೊದಲ ಕೆಲವು ತಿಂಗಳು. ಆಗ ಕೊಂಡ ಸರಕು ಊರ ಸುತ್ತಲಿನ ಶೀತಲ ಗೃಹಗಳಲ್ಲಿ ಕೂರುತ್ತದೆ. ಮಸಾಲೆ ಕಂಪನಿಗಳಿಗೆ, ಬಣ್ಣ ತೆಗೆಯುವ ಘಟಕಗಳಿಗೆ ವರ್ಷವಿಡೀ ನಿಧಾನವಾಗಿ ಹೋಗುತ್ತದೆ. ಇಲ್ಲಿ ವರ್ಷಕ್ಕೆ ನಾಲ್ಕು ಸುತ್ತಿಲ್ಲ, ಇರುವುದು ಒಂದೇ ದೊಡ್ಡ ಸುತ್ತು. ಮಾರ್ಚ್‌ನಲ್ಲಿ 80 ಲಕ್ಷ ಸಾಲುವುದಿಲ್ಲ, ನವೆಂಬರ್‌ನಲ್ಲಿ ಅಷ್ಟು ಬೇಡ. ಮೇಲೆ ಬೆಲೆಯ ಅಪಾಯ: 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿಯ ಎಪಿಎಂಸಿಯಲ್ಲಿ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋದದ್ದನ್ನು ಜಿಲ್ಲೆಯ ಯಾವ ಸಾಲಾಧಿಕಾರಿಯೂ ಮರೆತಿಲ್ಲ.

ಇದೆಲ್ಲ ಮೇಡಂಗೆ ಗೊತ್ತಿಲ್ಲ ಎಂದಲ್ಲ. ಅನುಭವದಿಂದ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದನ್ನು ಪ್ರಾದೇಶಿಕ ಕಚೇರಿ ಒಪ್ಪುವ ಭಾಷೆಯಲ್ಲಿ ಎರಡು ಪುಟದ ಟಿಪ್ಪಣಿಯಾಗಿ ಬರೆಯುವುದು ಕಷ್ಟ. ಸರಕಿನ ಚಕ್ರವನ್ನು ತಿಂಗಳುವಾರು ಬಿಡಿಸಿಡುವುದು, ಬೆಲೆ ಶೇ 30 ಬಿದ್ದರೆ ಡ್ರಾಯಿಂಗ್ ಪವರ್, ಅಂದರೆ ಸರಕಿನ ಬೆಲೆಗೆ ತಕ್ಕಂತೆ ತೆಗೆಯಬಹುದಾದ ಸಾಲ, ಎಲ್ಲಿಗೆ ಇಳಿಯುತ್ತದೆಂದು ತೋರಿಸುವುದು, ಖರೀದಿದಾರ ಒಬ್ಬನೇ ಆಗಿದ್ದರೆ ವ್ಯಾಪಾರಿಯ ಚೌಕಾಸಿ ಶಕ್ತಿ ಎಷ್ಟು ಎಂದು ಅಳೆಯುವುದು. ಇವು ಎಂಬಿಎಯಲ್ಲಿ ಆಪರೇಷನ್ಸ್, ಮಾರ್ಕೆಟಿಂಗ್, ಸ್ಟ್ರ್ಯಾಟಜಿ ಎಂಬ ಹೆಸರಿನ ಪತ್ರಿಕೆಗಳು. ಹಣಕಾಸಿನವರು ಮೂಗು ಮುರಿಯುವುದೂ ಇವಕ್ಕೇ.

ಹಣಕಾಸಿನಲ್ಲಿರುವವರು ಎಂಬಿಎಗೆ ಸೇರಿ ಫೈನಾನ್ಸನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳುವುದು ನನಗೆ ಅರ್ಥವಾಗದ ಸಂಗತಿ. ಕಾರಣ ಊಹಿಸಬಲ್ಲೆ: ಗೊತ್ತಿರುವ ವಿಷಯ, ಸಮಯ ಉಳಿಯುತ್ತದೆ, ಅಂಕ ಚೆನ್ನಾಗಿ ಬರುತ್ತದೆ. ಹದಿಮೂರು ವರ್ಷ ಬ್ಯಾಲೆನ್ಸ್ ಶೀಟ್ ಓದಿದವರಿಗೆ ಅನುಪಾತಗಳ ಪಾಠ ಹೇಳಿಸಿಕೊಳ್ಳಲು ಲಕ್ಷ ರೂಪಾಯಿ ಬೇಕೆ? ಮೇಜಿನ ಆಚೆ ಬದಿಯಲ್ಲಿ ಕೂತವರು ಹೇಗೆ ಯೋಚಿಸುತ್ತಾರೆ ಎಂಬುದು ಇವರಿಗೆ ಹೊಸದು. ಆ ವಿಷಯಗಳಲ್ಲಿ ಅಂಕ ಕಡಿಮೆ ಬಂದರೂ ಕಡತ ಓದುವ ಕಣ್ಣು ಬದಲಾಗುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಸರಕಿನ ಚಕ್ರ ಎಂದರೆ ಸ್ಲೈಡಿನ ಮೇಲಿನ ಒಂದು ವೃತ್ತ. ಇವರಿಗೆ ಅದರಲ್ಲಿ ಮೆಣಸಿನಕಾಯಿಯ ಘಾಟು ಹೊಡೆಯುತ್ತದೆ. ನಡುವಯಸ್ಸಿನ ಓದಿಗೆ ಇರುವ ದೊಡ್ಡ ಅನುಕೂಲ ಇದೇ: ರಾತ್ರಿ ಓದಿದ್ದನ್ನು ಮರುದಿನ ಹತ್ತೂವರೆಗೆ ಪ್ರಯೋಗಿಸಲು ಕಡತ ಕಾದಿರುತ್ತದೆ. ಹೀಗೆ ಓದುವವರಿಗೆ ಆ ಸಾವಿರ ಗಂಟೆಗಳೂ ಕೆಲಸದ ಗಂಟೆಗಳ ಜೊತೆ ಬೆರೆತು ಹಿಗ್ಗುತ್ತವೆ.

ಹಾಗಾದರೆ ಪದವಿಯ ಗೊಡವೆ ಏಕೆ, ಆ ಪಾಠಗಳನ್ನಷ್ಟೇ ಪುಕ್ಕಟೆ ಕಲಿಯಬಾರದೇ ಎಂದು ಕೇಳಬಹುದು. ಕಲಿಯಬಹುದು. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರಿಂದ ಇದೆ. ಅದರಲ್ಲಿ ನಿರ್ವಹಣಾ ವಿಷಯಗಳ ಸಂಯೋಜನೆ ಬೆಂಗಳೂರಿನ ಐಐಎಂನದೇ. ಪಾಠ ಉಚಿತ, ಪರೀಕ್ಷೆ ಬೇಕೆಂದರೆ ಮಾತ್ರ ಶುಲ್ಕ. ತೊಂದರೆ ಬೇರೆ ಕಡೆ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಆನ್‌ಲೈನ್ ಕೋರ್ಸುಗಳ ದತ್ತಾಂಶ ಪರಿಶೀಲಿಸಿ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, 2017-18ರಲ್ಲಿ ಸೇರಿದವರಲ್ಲಿ ಕೋರ್ಸು ಮುಗಿಸಿದವರು ಶೇ 3ರ ಆಸುಪಾಸು. ಪ್ರಮಾಣಪತ್ರಕ್ಕೆ ಹಣ ಕಟ್ಟಿದವರಲ್ಲಿ ಮಾತ್ರ ಆ ಪ್ರಮಾಣ ಶೇ 46. ಹಣ ಕಟ್ಟುವವರು ಮೊದಲೇ ಗಟ್ಟಿ ಮನಸ್ಸಿನವರಿರಬಹುದು, ಒಪ್ಪೋಣ. ಆದರೂ ಕೈಯಿಂದ ದುಡ್ಡು ಹೋದರೆ, ಮೇಲೊಂದು ಗಡುವು ಇದ್ದರೆ, ಮನುಷ್ಯ ಕೂತು ಓದುತ್ತಾನೆ ಎಂಬುದು ಮನೆಮನೆಯ ಅನುಭವ. ಪದವಿಯ ಶುಲ್ಕದಲ್ಲಿ ಒಂದಷ್ಟು ಪಾಲು ಈ ಚಾಟಿಯ ಬೆಲೆ.

ಆದ್ದರಿಂದ ನಾನಾಗಿದ್ದರೆ ಮೇಡಂಗೆ ಪೂರ್ತಿ ಸಾಲ ಒಮ್ಮೆಲೇ ಮಂಜೂರು ಮಾಡುತ್ತಿರಲಿಲ್ಲ. ಮೊದಲು ಸ್ವಯಂನಲ್ಲಿ ಎಂಟೋ ಹನ್ನೆರಡೋ ವಾರದ ಒಂದು ಕೋರ್ಸು, ಆಪರೇಷನ್ಸ್ ಆದರೆ ಲೇಸು, ಪರೀಕ್ಷಾ ಶುಲ್ಕ ಕಟ್ಟಿ, ಪರೀಕ್ಷೆ ಬರೆದು ಮುಗಿಸಿ ಬನ್ನಿ ಎನ್ನುತ್ತಿದ್ದೆ. ಸಾಧ್ಯವಾದರೆ ಆ ವಾರಗಳಲ್ಲಿ ಒಂದು ಸೆಪ್ಟೆಂಬರ್ ಕೊನೆಯೋ ಮಾರ್ಚ್ ಕೊನೆಯೋ ಸಿಗುವಂತೆ. ಹೊಸ ಗ್ರಾಹಕನ ಖಾತೆಯನ್ನು ಆರು ತಿಂಗಳು ನೋಡಿ ಮಿತಿ ಏರಿಸುವ ಹಾಗೆ. ಅದು ಮುಗಿದರೆ ಜನವರಿಯ ಪ್ರವೇಶಾವಧಿಯೋ ಜುಲೈಯದೋ ಹೇಗೂ ಬರುತ್ತದೆ. ಸೀಟ್ ಎಲ್ಲೂ ಓಡಿಹೋಗುವುದಿಲ್ಲ, ಸ್ಕಾಲರ್‌ಶಿಪ್ ಅಂತೂ ಮುಂದಿನ ಕರೆಯಲ್ಲಿ ಇಪ್ಪತ್ತೈದು ಸಾವಿರ ಆಗಿರುತ್ತದೆ.

ಕಡತದಲ್ಲಿ ಇನ್ನೊಂದು ಖಾಲಿ ಜಾಗ ಉಳಿದಿದೆ, ಜಾಮೀನುದಾರರ ಸಹಿಗೆ. ವಾರದ ಆ ಹತ್ತು ಗಂಟೆಗಳು ಬ್ಯಾಂಕಿನಿಂದ ಬರುವುದಿಲ್ಲ, ಮನೆಯಿಂದ ಬರುತ್ತವೆ. ರಾತ್ರಿ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದಾಗ ಪಾತ್ರೆ ಯಾರ ಪಾಲಿಗೆ, ಭಾನುವಾರ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಮಗಳ ಎಸ್ಸೆಸ್ಸೆಲ್ಸಿ ಎರಡನೇ ವರ್ಷದ ನಡುವೆ ಬಿದ್ದರೆ ಯಾರ ಪರೀಕ್ಷೆ ಮೊದಲು? ಕರೆ ಮಾಡಿದ ಹುಡುಗ ಪ್ಯಾನ್, ಆಧಾರ್, ಬಿ.ಕಾಂ. ಅಂಕಪಟ್ಟಿ ಕೇಳುತ್ತಾನೆ, ಇದನ್ನು ಕೇಳುವುದಿಲ್ಲ. ಷಟರ್ ಪೂರ್ತಿ ಎಳೆದು, ಬೀಗ ಹಾಕಿ, ಬಸ್ ಸ್ಟ್ಯಾಂಡಿಗೆ ನಡೆಯುವಾಗ ಮೇಡಂ ಮೊದಲು ಫೋನ್ ಮಾಡಬೇಕಾದದ್ದು ಮನೆಗೆ.